ಏಳು ಕಲ್ಲುಗುಪ್ಪೆ

ಶ್ಯಾವಿಗೆಯಂತೆ ಉದ್ದುದ್ದ ಬರಬೇಕಾದದ್ದು ಪುಡಿಯಾಗಿ ಉದುರುತ್ತಿದೆ, ಗರಗಸ ಹದವಾಗಿ ನಡೆದರೆ ಮರದೊಳಗಿಂದ ಗೇಣುದ್ದದ ಎಳೆಗಳು ಸುರುಳಿ ಸುತ್ತಿಕೊಂಡು ಬಂದು ಬೂಟಿನ ಮೇಲೆ ಬೀಳುತ್ತವೆ, ಇವತ್ತು ಬರೀ ಹಿಟ್ಟು, ಜೋಳದ ಹಿಟ್ಟಿನಂಥ ಹಳದಿ ಪುಡಿ, ಗರಗಸದ ಆ ತುದಿ ಹಿಡಿದಿರುವ ಲೈಲ್ ಅನ್ನುತ್ತಾನೆ ತಳ್ತಾ ಇದೀಯ ಡಾರ್ಲಾ, ತಳ್ಬೇಡ, ಎಳೆಯೋದಷ್ಟೇ ನಿನ್ನ ಕೆಲಸ, ಎಳೆದಾದ್ಮೇಲೆ ಬಿಟ್ಬಿಡು, ಇಪ್ಪತ್ತೆರಡು ಬೇಸಿಗೆ ಆದ್ಮೇಲೂ ಇದನ್ನ ನಾನೇ ಹೇಳ್ಕೊಡ್ಬೇಕಾ ಹುಡುಗಿ — ಐವತ್ತೇಳು ವರ್ಷದ ಹುಡುಗಿ, ಎಪ್ಪತ್ತು ದಾಟಿದವನಿಗೆ ಎಲ್ಲರೂ ಹುಡುಗಿಯರೇ — ಎಳೆ, ಬಿಡು, ಎಳೆ, ಬಿಡು, ಬಿಡುವುದೇ ಕಷ್ಟ, ಗರಗಸದ ತಗಡು ನಡುವೆ ಬಾಗಿ ಹಲ್ಲು ಮರಕ್ಕೆ ಕಚ್ಚಿಕೊಳ್ಳುತ್ತದೆ, ಲೈಲ್ ನಿಲ್ಲಿಸಿ ಬೆಣೆ ಹೊಡೆಯುತ್ತಾನೆ, ಮತ್ತೆ ಶುರು. ಜಾಡಿಗೆ ಅಡ್ಡ ಬಿದ್ದಿರುವ ಸ್ಪ್ರೂಸ್ ಮರ ಸೊಂಟದೆತ್ತರ ಇದೆ, ಹಿಂದೆ ಹುಡುಕುವವರ ಕುದುರೆಗಳು ಬರುತ್ತಿವೆ, ಅವು ಇದನ್ನು ದಾಟಲಾರವು, ಕಾಡಿನ ಈ ಭಾಗದಲ್ಲಿ ಪೆಟ್ರೋಲಿನ ಗರಗಸ ಮುಟ್ಟುವ ಹಾಗಿಲ್ಲ, ಅಪ್ಪಣೆ ಕೇಳಿದರೆ ಕೊಟ್ಟಾರು, ಅದು ಬರುವಷ್ಟರಲ್ಲಿ ಇವರಿಬ್ಬರು ಕುಯ್ದು ಮುಗಿಸಿರುತ್ತಾರೆ. ಮಂಜು ಮರಗಳ ತಲೆ ನುಂಗಿ ಕುತ್ತಿಗೆಗೆ ಇಳಿದಿದೆ. ಬುಧವಾರ ಮಧ್ಯಾಹ್ನ ಬಂದದ್ದು, ಇವತ್ತು ಶುಕ್ರವಾರ, ಸಂಜೆಗೆ ಹಿಮ ಅಂತೆ, ವರ್ಷದ ಮೊದಲ ಹಿಮ, ಹಾಗಂತ ಲೈಲ್‌ನ ಎದೆಯ ಮೇಲೆ ಪಟ್ಟಿಗೆ ಸಿಕ್ಕಿಸಿದ ರೇಡಿಯೋದಿಂದ ಟ್ವೈಲಾ ಹೇಳಿದಳು, ಊರಿನ ರೇಂಜರ್ ಕಚೇರಿಯಲ್ಲಿ ಬೆಚ್ಚಗೆ ಕೂತಿರುವ ಟ್ವೈಲಾ, ನೀವಿನ್ನೂ ಆ ಮರದ ಹತ್ರಾನೇ ಇದೀರಾ ಲೈಲ್, ಮದುವೆ ಗಿದುವೆ ಆಗ್ತಾ ಇದೀರಾ ಅದನ್ನ, ಅಂತ. ಒಂದೇ ರೇಡಿಯೋ, ಅದು ಅವನ ಎದೆಯ ಮೇಲೆ. ಅದಕ್ಕೆ ಏನು ಹೇಳಿದರೂ ಮೊದಲು ಲೈಲ್‌ಗೆ ಹೇಳಿದ ಹಾಗೆ.

ಹುಡುಕುತ್ತಿರುವುದು ಮೇರಿಯನ್ ಓಕರ್ಲುಂಡ್ ಎಂಬವಳನ್ನು. ಜಾಡು ಶುರುವಾಗುವಲ್ಲಿ ಮರದ ಪೆಟ್ಟಿಗೆಯೊಳಗೆ ಇಟ್ಟಿರುವ ಪುಸ್ತಕದಲ್ಲಿ ದುಂಡಗೆ, ಶಾಲೆಯ ಟೀಚರಮ್ಮನ ಅಕ್ಷರ, ಊರು ಡುಲೂತ್, ಎಷ್ಟು ಜನ ಎನ್ನುವ ಕಡೆ ಒಂದು ಎಂದು ಬರೆದು ಜೊತೆಗೆ ಪಿಕಲ್ ಎಂದು ಸೇರಿಸಿ ಪಕ್ಕದಲ್ಲಿ ನಾಯಿಯ ಮುಖದ ಚಿತ್ರ, ಎರಡು ಕಿವಿ, ನಾಲಗೆ, ಎಲ್ಲಿಗೆ ಎನ್ನುವಲ್ಲಿ ಜೀನು ಎಂಬ ಬೆಟ್ಟದ ತಗ್ಗು ದಾಟಿ ಸರೋವರದ ಪಕ್ಕದಿಂದ ಆಚೆಯ ರಸ್ತೆಗೆ, ಒಳಹೋದ ದಿನ ಬುಧವಾರ, ಹೊರಬರುವ ದಿನ ಗುರುವಾರ. ಆಚೆಯ ರಸ್ತೆಯಲ್ಲಿ ಅವಳ ತಂಗಿ ಕಾರಿಟ್ಟುಕೊಂಡು ಗುರುವಾರ ಸಂಜೆಯಿಂದ ಕಾದಿದ್ದಾಳೆ, ಬೆಳಗಾಗುವವರೆಗೂ ಹಾರ್ನ್ ಹೊಡೆಯುತ್ತಲೇ ಇದ್ದಳಂತೆ. ಇವತ್ತು ಬೆಳಿಗ್ಗೆ ಆ ಪುಸ್ತಕದ ಮುಂದೆ ನಿಂತು ಲೈಲ್ ಹೇಳಿದ, ಕಾಫಿ ಹೀರುತ್ತ, ಏನೂ ದೊಡ್ಡ ವಿಷಯವಲ್ಲ ಎಂಬಂತೆ ಹೇಳಿದ, ಜೀನಿನ ಆಚೆಯ ಬಂಡೆಬಯಲಲ್ಲಿ ಜಾಡೇ ಇಲ್ಲ, ಆದ್ರೆ ಗುಪ್ಪೆ ಇದಾವಲ್ಲ, ಕಣ್ಣು ಮುಚ್ಕೊಂಡು ಹೋಗ್ಬಹುದು, ಒಂದರ ಹತ್ರ ನಿಂತ್ರೆ ಇನ್ನೊಂದು ಕಾಣ್ಸುತ್ತೆ, ಮಂಜಲ್ಲೂ ಕಾಣ್ಸುತ್ತೆ, ಹಾಗೇ ಇಟ್ಟಿರೋದು. ಯಾವ ಗುಪ್ಪೆ, ಡಾರ್ಲಾ ಕೇಳಿದಳು, ಕೇಳಿದ್ದು ತನ್ನ ದನಿಯೇ ಎಂದು ಅವಳಿಗೆ ಗೊತ್ತಾಗಲಿಲ್ಲ. ಅದೇ, ಮೊಣಕಾಲೆತ್ತರದ ಮೋಟು ಗುಪ್ಪೆಗಳು, ಏಳು. ಕುರಿ ಕಾಯೋರು ಇಟ್ಟಿದ್ದು, ನಮ್ಮಪ್ಪನೂ ನಾನೂ ಅವಕ್ಕೆ ಗಳ ನೆಟ್ಟಿದ್ವಿ, ನಾನು ಇಷ್ಟಿದ್ದೆ ಆವಾಗ, ಹೋದ ಚಳಿಗಾಲದ ಹಿಮಕ್ಕೆ ಗಳ ಹೋಯ್ತು, ಕಲ್ಲಿಗೇನು, ಕಲ್ಲು ನಮ್ಮಪ್ಪನಿಗಿಂತ ಮುಂಚಿನದು. ಏಳು. ಮಂಗಳವಾರ ಬಿಸಿಲಿತ್ತು. ಲೈಲ್ ಕೆಳಗೆ ಹೇಸರಗತ್ತೆಯ ಲಾಳ ಸರಿಮಾಡುತ್ತಿದ್ದ, ಇವಳೊಬ್ಬಳೇ ಜೀನಿಗೆ ಹತ್ತಿದ್ದಳು, ಎರಡು ಶಿಖರಗಳ ನಡುವೆ ಕುದುರೆಯ ಬೆನ್ನಿನಂತೆ ತಗ್ಗಿದ ಆ ಜಾಗದಲ್ಲಿ ಚಿತ್ರ ತೆಗೆಸಿಕೊಳ್ಳುವವರು ಒಬ್ಬರನ್ನು ನೋಡಿ ಒಬ್ಬರು ಕಟ್ಟಿ ಹೋಗಿದ್ದ ಕಲ್ಲಿನ ಗೋಪುರಗಳು, ಒಂದರ ಮೇಲೊಂದು ಚಪ್ಪಟೆ ಕಲ್ಲು, ತುದಿಯಲ್ಲಿ ಗೋಲಿಯಂಥದ್ದು, ಇಪ್ಪತ್ತೋ ಇಪ್ಪತ್ತೈದೋ, ನಮ್ಮದಲ್ಲದ್ದನ್ನು ಕೆಡವಿ ಎಂದು ಕಚೇರಿಯ ಆಜ್ಞೆ, ದಾರಿ ತಪ್ಪಿಸುತ್ತವೆ ಅವು, ಜಾಡು ಕಾಯುವ ಎಲ್ಲರೂ ಕೆಡವುತ್ತಾರೆ, ಅದರಲ್ಲೊಂದು ಸುಖವಿದೆ, ಬೂಟಿನ ತುದಿಯಿಂದ ಒಂದೇ ಒದೆ, ಖಣಿಲ್ ಖಣಿಲ್, ಮತ್ತೊಂದು, ಮತ್ತೊಂದು, ಕಾಲು ಬಿಸಿಯೇರಿತ್ತು, ಹಾಗೇ ಬಂಡೆಬಯಲಿಗೆ ಇಳಿದಳು, ಅಲ್ಲೂ ಇತ್ತೊಂದು, ಗಿಡ್ಡದ್ದು, ಗಳವಿಲ್ಲ, ನಮ್ಮವಕ್ಕೆ ಗಳ ಇರುತ್ತದೆ, ಇದು ನಮ್ಮದಲ್ಲ, ಒದೆ. ಅದು ಬೀಳಲಿಲ್ಲ. ಬೀಳದಿದ್ದಾಗಲೇ ತಿಳಿಯಬೇಕಿತ್ತು. ಬಗ್ಗಿ ಎರಡೂ ಕೈಯಿಂದ ಮೇಲಿನ ಕಲ್ಲನ್ನು ಹಿಡಿದು ಎಬ್ಬಿದಳು, ಆಗ ಕಂಡಿತು, ಎರಡು ಕಲ್ಲುಗಳ ಸಂದಿಯ ಮೇಲೆ ಕಿತ್ತಳೆ ಬಣ್ಣದ ಕಲ್ಲುಹೂವು, ಬೆಳ್ಳಿಯ ಡಾಲರಿನಷ್ಟು ಅಗಲ, ಅರ್ಧ ಈ ಕಲ್ಲಿನ ಮೇಲೆ, ಅರ್ಧ ಆ ಕಲ್ಲಿನ ಮೇಲೆ, ಒಂದೇ ದುಂಡು — ಕಲ್ಲುಹೂವು ಒಂದು ಉಗುರಿನಗಲ ಬೆಳೆಯಲು ಎಷ್ಟು ವರ್ಷ ಬೇಕು ಎಂದು ಅವಳಿಗೆ ಗೊತ್ತು, ಪ್ರತಿ ಬೇಸಿಗೆ ಹೊಸಬರಿಗೆ ಅದನ್ನು ಹೇಳಿಕೊಡುವವಳೇ ಅವಳು — ಕಂಡಳು, ಕೈ ನಿಲ್ಲಲಿಲ್ಲ, ದುಂಡು ಹರಿದು ಎರಡಾಯಿತು, ಒಣಗಿದ ರಕ್ತದ ಹೆಕ್ಕಳೆಯಂತೆ ಸಣ್ಣಗೆ ಚರ್ ಎಂದಿತು.

ಮರ ಬಿರಿದು ಬಿತ್ತು, ದಿಮ್ಮಿಯನ್ನು ಕಾಲಿನಿಂದ ಒತ್ತಿ ಉರುಳಿಸಿದರು, ನಡೆಯುತ್ತಿದ್ದಾರೆ ಈಗ, ಲೈಲ್ ಮುಂದೆ, ಗರಗಸ ಅವನ ಹೆಗಲ ಮೇಲೆ ಬಾಗಿ ಪ್ರತಿ ಹೆಜ್ಜೆಗೂ ವುಂಯ್ ವುಂಯ್ ಎಂದು ಅಳುತ್ತದೆ, ಜಾಡು ಮಡಿಚಿ ಮಡಿಚಿ ಮೇಲೇರುತ್ತದೆ, ಹಕಲ್‌ಬೆರಿ ಗಿಡಗಳು ಕೆಂಪಾಗಿವೆ, ಅವುಗಳ ಹಣ್ಣು ತಿಂದು ಹೋದ ಕರಡಿಯ ಲದ್ದಿ ಹೊಸದು, ನೇರಳೆ, ಇನ್ನೂ ಆವಿ ಆಡುತ್ತಿದೆಯೇ ಅಥವಾ ಮಂಜೇ. ಹೇಳಬೇಕು. ಈ ತಿರುವಿನಲ್ಲಿ ಹೇಳಬೇಕು. ಟ್ವೈಲಾ ಮತ್ತೆ ಬಂದಳು, ಸರೋವರದ ಕಡೆಯಿಂದ ಹನ್ನೊಂದು ಜನ ಹತ್ತುತ್ತಿದ್ದಾರೆ, ನಾಯಿಗಳನ್ನೂ ಅಲ್ಲಿಗೇ ಕಳಿಸಿದ್ದೇವೆ, ಗುಪ್ಪೆ ಹಿಡಿದು ಹೋಗಿರ್ತಾಳೆ, ಸರೋವರದ ಹತ್ರ ಕಾಲುಗೀಲು ಉಳುಕಿರಬೇಕು, ಹೆಲಿಕಾಪ್ಟರ್ ಮಾತು ಬಿಡಿ, ಈ ಮಂಜಿನಲ್ಲಿ ಕಾಗೆಯೂ ಹಾರಲ್ಲ, ಹ್ಯಾಚೆಟ್ ಕೊರಕಲನ್ನ ನೋಡ್ಬೇಕಾ ಲೈಲ್? ಬೇಡ ಬೇಡ, ಲೈಲ್ ಏದುಸಿರಿನಲ್ಲಿ ಹೇಳಿದ, ಗುಪ್ಪೆ ಬಿಟ್ಟು ಎಡಕ್ಕೆ ಹೋದ್ರೆ ಮಾತ್ರ ಹ್ಯಾಚೆಟ್, ಕಣ್ಣಿದ್ದೋರು ಯಾರು ಹೋಗ್ತಾರೆ ಅಲ್ಲಿಗೆ. ಯಾರು ಹೋಗುತ್ತಾರೆ. ಬಯಲು ಎಡಕ್ಕೆ ಇಳಿಜಾರು, ಗೊತ್ತೇ ಆಗದಷ್ಟು ಸಣ್ಣ ಇಳಿಜಾರು, ಗುರುತಿಲ್ಲದೆ ನಡೆಯುವವರ ಕಾಲು ತಾನಾಗಿ ಎಡಕ್ಕೆ ಜಾರುತ್ತದೆ, ನೂರು ಹೆಜ್ಜೆಗೆ ಹತ್ತು, ಆಮೇಲೆ ಹುಲ್ಲಿನ ಪಟ್ಟಿ, ಆಮೇಲೆ ಏನೂ ಇಲ್ಲ, ಮುನ್ನೂರು ಅಡಿ. ಹೇಳು. ಆದರೆ ಅವು ಆ ಏಳೇ ಎಂದು ಹೇಗೆ ಹೇಳುವುದು, ತಾನು ಎಣಿಸಿರಲಿಲ್ಲವಲ್ಲ, ಎಣಿಸಿದ್ದಳು, ಏಳಾಯಿತು ಊಟ ಮಾಡೋಣ ಎಂದು ಕೂತು ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಹಚ್ಚಿಕೊಂಡು ತಿಂದಿದ್ದಳು, ಖುಷಿಯಾಗಿ, ಬಯಲು ಎಷ್ಟು ಚೊಕ್ಕಟ ಕಾಣುತ್ತಿದೆ ಎಂದುಕೊಂಡಿದ್ದಳು. ಚೊಕ್ಕಟ. ಮಗಳು ಕ್ರಿಸ್ಟಾ ಇದೇ ಮಾತು ಹಿಡಿದು ಚುಚ್ಚುತ್ತಾಳೆ, ಅಮ್ಮ ನಿಂಗೆ ಯಾರಾದ್ರೂ ಏನಾದ್ರೂ ಇಟ್ಟು ಹೋದ್ರೆ ಆಗೋದೇ ಇಲ್ಲ ಅಲ್ವಾ, ಗಂಡ ವಾರನ್ ಸತ್ತ ಒಂಬತ್ತನೇ ದಿನ ಮಗಳು ಬಾಗಿಲು ತೆರೆದು ನಿಂತಳು, ಗೋಡೆಯಲ್ಲಿ ಮೊಳೆ ಮಾತ್ರ, ಬೀರುವಿನಲ್ಲಿ ಹ್ಯಾಂಗರ್ ಮಾತ್ರ, ಮೀನು ಹಿಡಿಯುವ ಗಾಳದ ಡಬ್ಬಿ, ಕೊಡೆ, ಮೂಗೊರೆಸಿಕೊಳ್ಳುವ ಚೌಕ, ಎಲ್ಲ ಚರ್ಚಿನ ಹಳೆಸಾಮಾನಿನ ಅಂಗಡಿಗೆ ಹೋಗಿತ್ತು, ಒಂದಂಗಿ ಅಮ್ಮ, ಒಂದೇ ಒಂದಂಗಿ ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ವಾಸನೆ ನೋಡೋಕೆ. ಯಾರಿಗೆ ಹೇಳುವುದು, ಆ ಅಂಗಿಗಳು ಒಂದೊಂದೂ ಮನೆಯಲ್ಲಿ ನಡೆದಾಡುತ್ತಿದ್ದವು ಎಂದು. ತೆಗೆದುಬಿಟ್ಟರೆ ಹೋಗುತ್ತದೆ ಎಂದುಕೊಂಡಿದ್ದಳು. ಮನುಷ್ಯ ಬಂದದ್ದೇ ಗೊತ್ತಾಗಬಾರದು ಎಂದು ಇಪ್ಪತ್ತೆರಡು ಬೇಸಿಗೆ ಹೊಸಬರಿಗೆ ಪಾಠ ಹೇಳಿ ಹೇಳಿ — ಅರ್ಧ ಈ ಕಲ್ಲಿನ ಮೇಲೆ, ಅರ್ಧ ಆ ಕಲ್ಲಿನ ಮೇಲೆ, ಚರ್ — ಲೈಲ್ ತಿರುಗಿ ನೋಡಿದ, ಏನಂದೆ? ಏನಿಲ್ಲ. ಉಸಿರು ಬಿಟ್ಟೆ ಅಷ್ಟೇ. ಮುದುಕಿಯಾದೆ ಹುಡುಗಿ, ಅಂದ, ನಕ್ಕ, ನಡೆದ. ಜೀನು ಬರಲಿ, ಅಲ್ಲಿ ನೋಡಿ ಹೇಳುತ್ತೇನೆ. ಒಂದು ವೇಳೆ ಎರಡಾದರೂ ನಿಂತಿದ್ದರೆ. ಒಂದು ವೇಳೆ ಆ ಹೆಂಗಸು ಮಂಜು ಕಂಡು ಜೀನಿನಲ್ಲೇ ಡೇರೆ ಹಾಕಿ ಕೂತಿದ್ದರೆ, ಮೊಣಕಾಲ ಮೇಲೆ ನಾಯಿಯ ತಲೆ, ಬಂದ್ರಾ ಅಂತೂ ಅಂದರೆ. ಜೀನಿಗೆ ಇನ್ನು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಏನಾಗುತ್ತದೆ, ಎರಡು ರಾತ್ರಿ ಆಗಿಹೋಗಿದೆ.

ಮರಗಳು ಮುಗಿದವು. ಜೀನಿನಲ್ಲಿ ಡೇರೆ ಇಲ್ಲ, ಯಾರೂ ಇಲ್ಲ, ಚೆಲ್ಲಾಪಿಲ್ಲಿ ಚಪ್ಪಟೆ ಕಲ್ಲುಗಳು, ಅವುಗಳನ್ನು ನೋಡಿ ಲೈಲ್, ಒಳ್ಳೆ ಕೆಲಸ ಮಾಡಿದೀಯ, ಈ ಗೋಪುರ ಕಟ್ಟೋರನ್ನ ಹಿಡಿದು ಕತ್ತೆಗೆ ಕಟ್ಬೇಕು, ಅಂತ ಮೆಚ್ಚಿ ಮುಂದೆ ನಡೆದ, ಗರಗಸವನ್ನು ಒರಗಿಸಿಟ್ಟು ಬಯಲಿಗೆ ಇಳಿದ, ಮೂವತ್ತು ಹೆಜ್ಜೆಗೆ ಬೂದಿ ಬಣ್ಣದ ನೆರಳಾದ, ಅರವತ್ತಕ್ಕೆ ಅದೂ ಇಲ್ಲ, ಬರೀ ಬೂಟಿನ ಸದ್ದು. ಸದ್ದು ನಿಂತಿತು. ಇಲ್ಲೇ ಇರ್ಬೇಕಿತ್ತು, ಮಂಜಿನೊಳಗಿಂದ ದನಿ. ಸದ್ದು ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೆ ನಿಂತಿತು. ಡಾರ್ಲಾ, ಜೀನಿನ ಚೂಪುಬಂಡೆಯಿಂದ ಅರವತ್ತು ಹೆಜ್ಜೆ, ಅಲ್ವಾ, ಮೊದಲ್ನೇದು? ಹೌದು ಅನ್ನಬೇಕು. ಅವನೇ ಅಂದ, ಅರವತ್ತೇ, ನಮ್ಮಪ್ಪ ಎಣಿಸಿ ತೋರ್ಸಿದ್ದ, ಅವನ ಹೆಜ್ಜೆ ಅರವತ್ತು ನನ್ನ ಹೆಜ್ಜೆ ತೊಂಬತ್ತು, ಇಲ್ವೇ ಇಲ್ಲ, ಏನಾಯ್ತು, ನಾನು ಬೇರೆ ಕಡೆ ಬಂದ್ನಾ, ಅವನು ಅವಳ ಹತ್ತಿರ ವಾಪಸ್ಸು ಬಂದ, ಟೋಪಿ ತೆಗೆದು ಹಣೆ ಉಜ್ಜಿಕೊಂಡ, ಬಿಳಿ ಹುಬ್ಬಿನ ಮೇಲೆ ಮಂಜಿನ ಹನಿ, ಕಣ್ಣಲ್ಲಿ ಅವಳು ಯಾವತ್ತೂ ನೋಡಿರದ ಏನೋ ಒಂದು. ಅವನ ಹೆಂಡತಿ ಅಡೀಲ್ ಹೀಗೇ ಶುರುಮಾಡಿದ್ದು, ಮೊದಲು ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು, ಆಮೇಲೆ ಅಡುಗೆಮನೆ ಎಲ್ಲಿದೆ ಎಂದು, ಕೊನೆಗೆ ಈ ಗಡ್ಡದವನು ಯಾರು ನಮ್ಮ ಮನೆಯಲ್ಲಿ ಎಂದು, ಆರು ವರ್ಷ ಅವನೇ ಸ್ನಾನ ಮಾಡಿಸಿದ, ಊಟ ಮಾಡಿಸಿದ. ಡಾರ್ಲಾ, ಅಂದ, ದನಿ ತಗ್ಗಿಸಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ, ಇಲ್ಲಿ ಯಾರಿದ್ದಾರೆ ಕೇಳಿಸಿಕೊಳ್ಳಲು, ನಿಜ ಹೇಳು, ನಾನು ಇತ್ತೀಚೆಗೆ ಏನಾದ್ರೂ ಮರೀತಾ ಇದೀನಾ, ನೀನು ನೋಡಿರ್ತೀಯಲ್ಲ, ಮೊನ್ನೆ ಹೇಸರಗತ್ತೆಯ ಹಗ್ಗ ಎಲ್ಲೋ ಇಟ್ಟು ಎಲ್ಲೋ ಹುಡುಕಿದೆ, ಅಡೀಲ್‌ಗೂ ಹಿಂಗೇ, ನಂಗೆ ಅದು ಬಂತಾ? ಮತ್ತು ಎಂಥ ಸುಲಭ ಅದು, ಎಂಥ ಮೆತ್ತಗಿನ ಬಾಗಿಲು, ಅವಳು ಏನೂ ಹೇಳಬೇಕಾಗಿಲ್ಲ, ಅವನ ತೋಳು ಮುಟ್ಟಿ ಬಾ ಲೈಲ್ ಸ್ವಲ್ಪ ಕೂತ್ಕೋ ಅಂದರೆ ಸಾಕು, ಗುಪ್ಪೆಗಳು ಮುದುಕನ ತಲೆಯಿಂದ ಬಿದ್ದುಹೋದವು, ಯಾರ ಕೈಯಿಂದಲೂ ಅಲ್ಲ, ಹಿಮ ಬೀಳುತ್ತದೆ, ಬಂಡೆಬಯಲು ಬೆಳ್ಳಗಾಗುತ್ತದೆ, ಚೊಕ್ಕಟ, ಜೂನ್‌ವರೆಗೆ ಯಾರೂ ಬರುವುದಿಲ್ಲ. ಅವಳ ಕೈ ಮೇಲೆದ್ದೂ ಬಿಟ್ಟಿತ್ತು, ಅವನ ತೋಳಿನ ಕಡೆಗೆ. ಒಂದು ಕ್ಷಣ ಅವಳು ಆ ಬಾಗಿಲೊಳಗೆ ನಿಂತಿದ್ದಳು. ಅದನ್ನು ಮುಂದೆ ಯಾರಿಗೂ ಹೇಳಲಾರಳು, ಏಳು ಗುಪ್ಪೆಯ ಮಾತು ಹೇಳಿಯಾಳು, ಆ ಒಂದು ಕ್ಷಣದ ಮಾತು ಹೇಳಲಾರಳು. ಅವನು ರೇಡಿಯೋದ ಗುಂಡಿ ಹುಡುಕಿ ಒತ್ತಿದ, ಟ್ವೈಲಾ, ಅಂದ, ಟ್ವೈಲಾ, ಏನೋ ಆಗಿದೆ ನಂಗೆ, ನಾನು ದಾರಿ —

ಅವನ ಬೆರಳ ಮೇಲೆಯೇ ತನ್ನ ಬೆರಳು ಒತ್ತಿದಳು. ಟ್ವೈಲಾ, ನಾನು ಡಾರ್ಲಾ, ಅವನಿಗೇನೂ ಆಗಿಲ್ಲ, ಬಯಲಲ್ಲಿ ಗುಪ್ಪೆ ಇಲ್ಲ, ಏಳೂ ಇಲ್ಲ, ಮಂಗಳವಾರ ನಾನು ಕೆಡವಿದೆ, ಟೂರಿಸ್ಟ್‌ಗಳದ್ದು ಅಂದ್ಕೊಂಡೆ, ಅಲ್ಲ, ಅಂದ್ಕೊಳ್ಲಿಲ್ಲ, ನೋಡಿದೆ, ನೋಡಿಯೂ ಕೆಡವಿದೆ, ಆಮೇಲೆ ಮಂಜು ಬಂತು, ಆ ಹೆಂಗಸಿಗೆ ದಾರಿ ಇರ್ಲಿಲ್ಲ, ಎಡಕ್ಕೆ ಹೋಗಿರ್ತಾಳೆ, ಎಲ್ರನ್ನೂ ಸರೋವರದ ಕಡೆಯಿಂದ ತೆಗಿ, ಹ್ಯಾಚೆಟ್ ಕೊರಕಲಿನ ಬುಡಕ್ಕೆ ಕಳ್ಸು, ನಾಯಿಗಳನ್ನೂ. ಕರಕರ. ಟ್ವೈಲಾಳ ಕುರ್ಚಿ ಕಿರ್ ಎಂದದ್ದು ಕೂಡ ಕೇಳಿಸಿತು. ಅವರು ಕೊರಕಲ ಬುಡ ಮುಟ್ಟೋಕೆ ಐದು ಗಂಟೆ ಬೇಕು ಡಾರ್ಲಾ, ಅಂದಳು, ಈಗ ಅವಳ ದನಿಯಲ್ಲಿ ತಮಾಷೆ ಇಲ್ಲ, ನಾಲ್ಕಕ್ಕೆ ಹಿಮ, ನಿಂಗೆ ಇದು ಯಾವಾಗ ಗೊತ್ತಾಯ್ತು? ಬೆಳಿಗ್ಗೆ. ಬೆಳಿಗ್ಗೆ ಎಷ್ಟು ಗಂಟೆಗೆ? ಏಳಕ್ಕೆ. ಈಗ ಹನ್ನೊಂದೂ ಮುಕ್ಕಾಲು, ಎಂದಳು ಟ್ವೈಲಾ, ಬರೆದುಕೊಳ್ಳುವವಳ ಹಾಗೆ, ಆಮೇಲೆ ಬೇರೆ ಯಾರನ್ನೋ ಕೂಗಿದಳು, ರೇಡಿಯೋ ಬೇರೆಯವರ ಮಾತಿನಿಂದ ತುಂಬಿಹೋಯಿತು. ಲೈಲ್ ಅವಳನ್ನು ನೋಡುತ್ತಿದ್ದ. ಬೈಯುತ್ತಾನೆ, ಬೈಯಲಿ. ಸರಿ, ಅಂದ, ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ. ಅಷ್ಟೇ. ಬೆನ್ನಿನ ಚೀಲ ಇಳಿಸಿ ಹಗ್ಗ ತೆಗೆದ, ನಾನೂ ಬರ್ತೀನಿ ಅಂದಳು, ಬೇಡ, ಅಂದ, ಅವಳ ಮುಖ ನೋಡದೆ, ಕುದುರೆಯವರು ಬರ್ತಾರೆ, ಅವರಿಗಾದ್ರೂ ದಾರಿ ಬೇಕಲ್ಲ, ನೀನು ಗುಪ್ಪೆ ಕಟ್ಟು, ಚೂಪುಬಂಡೆಯಿಂದ ಅರವತ್ತು ಹೆಜ್ಜೆ. ಎಡಕ್ಕೆ ನಡೆದ. ಮಂಜು ಅವನನ್ನು ಮುಚ್ಚಿತು, ಆಮೇಲೆ ಅವನು ಕೂಗುವುದು ಕೇಳಿಸಿತು, ಹೆಂಗಸಿನ ಹೆಸರಲ್ಲ, ನಾಯಿಯ ಹೆಸರು, ಪಿಕಲ್, ಪಿಕಲ್, ನಾಯಿಗಾದರೆ ಕಿವಿ ಚುರುಕು, ಗಡ್ಡದ ಮುದುಕ ಮುನ್ನೂರು ಅಡಿಯ ಅಂಚಿನಲ್ಲಿ ನಿಂತು ಉಪ್ಪಿನಕಾಯಿಯನ್ನು ಕರೆಯುತ್ತಿದ್ದಾನೆ, ನಗು ಬರಬೇಕು, ಕರೆದು ನಿಲ್ಲಿಸುತ್ತಾನೆ, ಉತ್ತರಕ್ಕೆ ಕಾಯುತ್ತಾನೆ, ಆ ನಿಲ್ಲಿಸಿದ ಹೊತ್ತು ಪ್ರತಿ ಸಲ ಇನ್ನಷ್ಟು ಉದ್ದವಾಗುತ್ತಿದೆ. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಇಲ್ಲೇ. ಮಂಡಿಯೂರಿದಳು, ಕಲ್ಲುಗಳು ಇಲ್ಲೇ ಸುತ್ತ ಬಿದ್ದಿವೆ, ತಾನೇ ಎಸೆದದ್ದು, ದೊಡ್ಡದು ಕೆಳಗೆ, ಚಪ್ಪಟೆಯದು ಮೇಲೆ, ಕೂರುತ್ತಿಲ್ಲ, ವಾಲುತ್ತದೆ, ಯಾರೋ ಎಂದೋ ಕೂರಿಸಿದ ಹಾಗೆ ಕೂರುತ್ತಿಲ್ಲ, ತಿರುಗಿಸಿ ನೋಡು, ಇದರ ಗುರುತು ಇದೆಯಲ್ಲ, ಇದೋ ಇದೆ, ಅಂಚಿನಲ್ಲಿ ಅರ್ಧ ದುಂಡು, ಹರಿದದ್ದು, ಇದರ ಜೋಡಿ ಸಿಕ್ಕಿದರೆ ಸಾಕು, ಹರಿದ ಕಡೆಗೆ ಹರಿದ ಕಡೆ ಇಟ್ಟರೆ ಸರಿಯಾಗಿ ಕೂರುತ್ತದೆ, ಪಿಕಲ್, ಈ ಕಲ್ಲಿನ ಮೇಲೆ ಇಲ್ಲ, ಇದರ ಮೇಲೂ ಇಲ್ಲ, ಮಗುಚು, ಬೆರಳಿನ ಚರ್ಮ ಕಿತ್ತಿತು, ಮಗುಚು, ಬೂದಿ, ಬೂದಿ, ಬೂದಿ, ಕಲ್ಲಿನ ಮೇಲೆ ಏನೋ ಬಿಳಿಯದು ಬಿದ್ದು ಕರಗಿತು, ನಾಲ್ಕು ಗಂಟೆಗೆ ಅಂದಿದ್ದರಲ್ಲ, ಇನ್ನೊಂದು ಬಿತ್ತು, ಅದು ಕರಗಲಿಲ್ಲ, ಲೈಲ್‌ನ ದನಿ ನಿಂತು ಎಷ್ಟು ಹೊತ್ತಾಯಿತು, ಅವಳ ಅಂಗೈಯಲ್ಲಿ ಕಲ್ಲು, ಕಲ್ಲಿನ ಅಂಚಿನಲ್ಲಿ ಕಿತ್ತಳೆ, ಅರ್ಧ, ಅರ್ಧವೇ.